ಅಸ್ಸಾದ್ ಹೋದ ಮೇಲೆ ಊರಿಗೆ ಮರಳಬಹುದಾ? ಹೋಮ್ಸ್‌ನ ಗೆಳೆಯನಿಗಾಗಿ ಕೇಳಿದ ಪ್ರಶ್ನೆ

ಪ್ರಶ್ನೆ: ನಾನು ಕುಂದಾಪುರ ಕಡೆಯವನು. ಹನ್ನೊಂದು ವರ್ಷದಿಂದ ಶಾರ್ಜಾದಲ್ಲಿ ಎಸಿ ರಿಪೇರಿ ಕೆಲಸದ ಸೂಪರ್‌ವೈಸರ್. ಜೊತೆಯಲ್ಲಿ ಸಿರಿಯಾದವರು ಇಬ್ಬರಿದ್ದಾರೆ. ಒಬ್ಬರು ಹೋಮ್ಸ್ ನಗರದವರು, ಶಿಯಾ ಮೂಲದ ಅಲವಿ ಎಂಬ ಸಣ್ಣ ಪಂಗಡದವರು, ಇನ್ನೊಬ್ಬರು ಇದ್ಲಿಬ್ ಕಡೆಯ ಸುನ್ನಿ. ಮೂವರೂ ಒಂದೇ ಮೇಜಿನಲ್ಲಿ ಊಟ ಮಾಡುತ್ತಿದ್ದೆವು. ಸಿರಿಯಾವನ್ನು ಆಳುತ್ತಿದ್ದ ಬಶರ್ ಅಲ್ ಅಸ್ಸಾದ್ ಓಡಿಹೋದ ದಿನ ಇದ್ಲಿಬ್‌ನವರು ಸಿಹಿ ಹಂಚಿದರು, ಹೋಮ್ಸ್‌ನವರೂ ತಿಂದರು. 2025ರ ಮಾರ್ಚ್‌ನಲ್ಲಿ ಅಲವಿಗಳ ಕೊಲೆಗಳಾದ ಮೇಲೆ ಇಬ್ಬರೂ ಬೇರೆ ಬೇರೆ ಹೊತ್ತಿಗೆ ಊಟಕ್ಕೆ ಬರುತ್ತಾರೆ. ಹೋಮ್ಸ್‌ನವರ ತಾಯಿ ಅಲ್ಲಿ ಒಬ್ಬರೇ ಇದ್ದಾರೆ. ಹೆಂಡತಿ, ಇಬ್ಬರು ಮಕ್ಕಳನ್ನು ಕರಕೊಂಡು ಹೋಗಲೋ ಬೇಡವೋ ಅಂತ ದಿನಾ ನನ್ನನ್ನು ಕೇಳುತ್ತಾರೆ. 'ಅಸ್ಸಾದ್ ಕೆಟ್ಟವನೇ, ಆದರೆ ಎಲ್ಲರನ್ನೂ ಒಟ್ಟಿಗೆ ಇಟ್ಟಿದ್ದ' ಅನ್ನುತ್ತಾರೆ. ನನಗೂ ಹಾಗೇ ಅನ್ನಿಸುತ್ತದೆ. ಬೂದಿ ಮುಚ್ಚಿದ ಕೆಂಡ ಇತ್ತು, ಬೂದಿ ಹಾರಿತು ಅಷ್ಟೇ ಅಲ್ವಾ? ಇದು ಇನ್ನೊಂದು ಇರಾಕ್ ಆಗುತ್ತದಾ? ಬೇಗ ಚುನಾವಣೆ ಆದರೆ ಸರಿಹೋಗುತ್ತದಾ? ಅವರಿಗೆ ಏನು ಹೇಳಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆ ಒಂದಕ್ಕೊಂದು ಅಂಟಿಕೊಂಡಿವೆ. ಸಿರಿಯಾ ದೇಶದ ಗತಿ ಏನು ಅನ್ನುವುದು ಒಂದು. ನಿಮ್ಮ ಗೆಳೆಯರ ಮನೆಯವರ ಗತಿ ಏನು ಅನ್ನುವುದು ಇನ್ನೊಂದು. ಮೊದಲು ಇವೆರಡನ್ನು ಬಿಡಿಸಿಕೊಳ್ಳಿ. ದೇಶ ಒಟ್ಟಾರೆ ಸುಧಾರಿಸುತ್ತಾ ಇರಬಹುದು, ಒಂದು ಬೀದಿ ಮಾತ್ರ ವಾಸಕ್ಕೆ ಯೋಗ್ಯವಲ್ಲದೆ ಉಳಿಯಬಹುದು. ನಾನು ಪಶ್ಚಿಮ ಏಷ್ಯಾದ ರಾಜಕೀಯ ಪಾಠ ಮಾಡಿದ್ದು ಎಷ್ಟೋ ವರ್ಷ. ಆದರೆ ಇದನ್ನು ಕಲಿತಿದ್ದು ಪುಸ್ತಕದಿಂದಲ್ಲ. ಜೋರ್ಡಾನಿನ ಅಮ್ಮಾನ್‌ನಲ್ಲಿ ಇರಾಕಿ ನಿರಾಶ್ರಿತರ ಹೇಳಿಕೆ ಬರೆದುಕೊಳ್ಳುವ ಕೆಲಸ ಮಾಡುವಾಗ ಕಲಿತೆ.

ಮೊದಲು ಆ ಕೆಂಡದ ಮಾತು. ಇದು ನೀವೊಬ್ಬರೇ ಹೇಳುವ ಮಾತಲ್ಲ. ಟಿವಿ ಚರ್ಚೆಗಳಲ್ಲೂ ಇದೇ ಬರುತ್ತದೆ: ಈ ಪಂಗಡಗಳು ಸಾವಿರ ವರ್ಷದಿಂದ ಕಾದಾಡುತ್ತಿವೆ, ಗಟ್ಟಿ ಕೈಯೊಂದು ಮುಚ್ಚಳ ಒತ್ತಿ ಹಿಡಿದಿತ್ತು ಅಂತ. ಸಿರಿಯಾದ ಕಥೆ ಹಾಗಿಲ್ಲ. 1925ರಲ್ಲಿ, ಆಗ ದೇಶ ಆಳುತ್ತಿದ್ದ ಫ್ರೆಂಚರ ವಿರುದ್ಧ ದೊಡ್ಡ ದಂಗೆ ಎದ್ದಾಗ ಮುಂದೆ ನಿಂತವರು ಸುಲ್ತಾನ್ ಅಲ್ ಅತ್ರಶ್ ಎಂಬ ಡ್ರೂಜ್ ನಾಯಕ. ಡ್ರೂಜರೂ ಅಲವಿಗಳ ಹಾಗೇ ಒಂದು ಸಣ್ಣ ಪಂಗಡ. ಅವರ ಹಿಂದೆ ಡಮಾಸ್ಕಸ್‌ನ ಸುನ್ನಿಗಳು ನಡೆದರು. 'ಧರ್ಮ ದೇವರಿಗೆ, ನಾಡು ಎಲ್ಲರಿಗೆ' ಅನ್ನುವುದು ಆಗಿನ ಘೋಷಣೆ. 1944ರಲ್ಲಿ ಪ್ರಧಾನಿಯಾದ ಫಾರಿಸ್ ಅಲ್ ಖೂರಿ ಕ್ರೈಸ್ತರು. ಬಹುಪಾಲು ಮುಸ್ಲಿಮರಿದ್ದ ದೇಶ ಅದನ್ನು ಒಪ್ಪಿತ್ತು. 1954ರಲ್ಲಿ ಅಲ್ಲಿ ನಡೆದ ಚುನಾವಣೆ ಆ ಕಾಲದ ಅರಬ್ ನಾಡಿನಲ್ಲೇ ಅತಿ ಮುಕ್ತವಾದ ಚುನಾವಣೆಗಳಲ್ಲಿ ಒಂದು.

ಹಾಗಾದರೆ ಪಂಗಡಗಳ ನಡುವೆ ಅಂತರವೇ ಇರಲಿಲ್ಲವಾ? ಇತ್ತು. ಅಲವಿಗಳು ಕರಾವಳಿ ಬೆಟ್ಟದ ಬಡ ರೈತರು. ಅವರ ಹೆಣ್ಣುಮಕ್ಕಳು ಪೇಟೆಯ ಸಾಹುಕಾರರ ಮನೆಯಲ್ಲಿ ಮುಸುರೆ ತಿಕ್ಕುತ್ತಿದ್ದರು. ಫ್ರೆಂಚರು ಅಲವಿಗಳಿಗೊಂದು, ಡ್ರೂಜರಿಗೊಂದು ಪ್ರತ್ಯೇಕ ರಾಜ್ಯ ಮಾಡಿದರು, ತಮ್ಮ ಪಡೆಗೆ ಸಣ್ಣ ಪಂಗಡಗಳ ಹುಡುಗರನ್ನೇ ಜಾಸ್ತಿ ಸೇರಿಸಿಕೊಂಡರು. ಬಡವರ ಮಗನಿಗೆ ಮೇಲೆ ಬರಲು ಸಿಕ್ಕ ಏಣಿ ಸೇನೆಯೊಂದೇ. ಆ ಏಣಿ ಹತ್ತಿ 1970ರಲ್ಲಿ ಅಧಿಕಾರ ಹಿಡಿದವರು ಬಶರ್ ಅವರ ತಂದೆ, ಅಲವಿಯೇ ಆದ ಹಾಫಿಜ್ ಅಲ್ ಅಸ್ಸಾದ್. ಹತ್ತಿದ ಮೇಲೆ ಏಣಿಯನ್ನು ತಮ್ಮವರಿಗಷ್ಟೇ ಇಟ್ಟರು. ಸೇನೆಯ ಮುಖ್ಯ ಹುದ್ದೆ, ಗುಪ್ತಚರ ಇಲಾಖೆಗಳ ಆಯಕಟ್ಟಿನ ಜಾಗ ಹೆಚ್ಚಾಗಿ ಅಲವಿಗಳ ಕೈಗೆ ಹೋಯಿತು. ಈ ಗುಪ್ತಚರರನ್ನೇ ಸಿರಿಯಾದವರು ಮುಖಾಬರಾತ್ ಅನ್ನುವುದು, ಇಂದಿಗೂ ಆ ಪದ ಹೇಳುವಾಗ ದನಿ ಇಳಿಸುತ್ತಾರೆ. ಹಾಗಂತ ಎಲ್ಲ ಅಲವಿಗಳೂ ಶ್ರೀಮಂತರಾಗಲಿಲ್ಲ. ಬೆಟ್ಟದ ಹಳ್ಳಿಗಳು ಬಡವಾಗೇ ಉಳಿದವು. ಅವರಿಗೆ ಸಿಕ್ಕಿದ್ದು ಸಿಪಾಯಿ ಸಂಬಳ, ಜೊತೆಗೆ ಒಂದು ಹೆದರಿಕೆ: ನಾನು ಹೋದರೆ ನಿಮ್ಮನ್ನು ಉಳಿಸುವವರು ಯಾರೂ ಇಲ್ಲ.

ಆ ಹೆದರಿಕೆಗೆ ಆಳುವವರು ಆಗಾಗ ಎಣ್ಣೆ ಹೊಯ್ದರು. 1982ರ ಫೆಬ್ರವರಿಯಲ್ಲಿ ಹಮಾ ನಗರದ ಬಂಡಾಯ ಮುರಿಯಲು ಹತ್ತು ಸಾವಿರದಿಂದ ನಲವತ್ತು ಸಾವಿರದವರೆಗೆ ಜನರನ್ನು ಕೊಂದರು ಅಂತ ಅಂದಾಜು. 2011ರಲ್ಲಿ ದರಾ ಊರಿನ ಹುಡುಗರು ಶಾಲೆ ಗೋಡೆ ಮೇಲೆ ಸರ್ಕಾರದ ವಿರುದ್ಧ ಬರೆದದ್ದಕ್ಕೆ ಹಿಡಿದು ಹಿಂಸಿಸಿದರು. ಜನ ಬೀದಿಗೆ ಬಂದು 'ಸಿರಿಯಾದ ಜನ ಒಂದೇ' ಅಂತ ಕೂಗಿದರು. ಸರ್ಕಾರ ಏನು ಮಾಡಿತು ಗೊತ್ತಾ? ಶಾಂತಿಯಿಂದ ನಡೆದವರನ್ನು ಒಳಗೆ ಹಾಕಿ, ಸೈದ್ನಾಯಾ ಜೈಲಿನಲ್ಲಿದ್ದ ಉಗ್ರ ಇಸ್ಲಾಮಿಗಳನ್ನು ಅದೇ ವರ್ಷ ಕ್ಷಮಾದಾನದ ಹೆಸರಲ್ಲಿ ಹೊರಗೆ ಬಿಟ್ಟಿತು. 2012ರ ಮೇ 25ರಂದು ಹೋಮ್ಸ್ ಹತ್ತಿರ, ಸುನ್ನಿಗಳಿದ್ದ ಹೂಲಾದಲ್ಲಿ ಸರ್ಕಾರದ ಕಡೆಯವರು 108 ಜನರನ್ನು ಕೊಂದರು, ಅವರಲ್ಲಿ 49 ಮಕ್ಕಳು. ನಿಮ್ಮ ಗೆಳೆಯರಿಗೆ ಹೂಲಾ ಎಷ್ಟು ಹತ್ತಿರ ಅನ್ನುವುದು ಗೊತ್ತೇ ಇರುತ್ತದೆ.

ಆದ್ದರಿಂದ ಕೆಂಡ ಇತ್ತು ಅನ್ನುವುದನ್ನು ಒಪ್ಪುತ್ತೇನೆ. ಅಸ್ಸಾದ್ ಅದರ ಮೇಲಿನ ಬೂದಿ ಅನ್ನುವುದನ್ನು ಒಪ್ಪುವುದಿಲ್ಲ. ಐವತ್ತನಾಲ್ಕು ವರ್ಷ ಅದು ಆರದ ಹಾಗೆ ಊದುತ್ತಾ ಕೂತವರು ಆ ಮನೆಯವರೇ.

ಇನ್ನು ಇರಾಕ್. ಅಮೆರಿಕದ ದಾಳಿಗೆ ಸದ್ದಾಂ ಹುಸೇನ್ ಆಡಳಿತ ಬಿದ್ದಿದ್ದು 2003ರ ಏಪ್ರಿಲ್ 9ರಂದು. ಪಂಗಡ ಪಂಗಡಗಳ ಕೊಲೆ ಹುಚ್ಚು ಹೊಳೆಯಂತೆ ಹರಿದಿದ್ದು 2006ರ ಫೆಬ್ರವರಿ 22ರಂದು ಸಮರಾದಲ್ಲಿ ಶಿಯಾಗಳಿಗೆ ಪವಿತ್ರವಾದ ಅಸ್ಕರಿ ಮಸೀದಿಯ ಚಿನ್ನದ ಗುಮ್ಮಟ ಸ್ಫೋಟಿಸಿದ ಮೇಲೆ. ನಡುವೆ ಹೆಚ್ಚೂಕಡಿಮೆ ಮೂರು ವರ್ಷ. ಸಾವಿರ ವರ್ಷದ ದ್ವೇಷ ಮುಚ್ಚಳ ತೆಗೆದ ಕೂಡಲೇ ಉಕ್ಕುವುದಾದರೆ ಮೂರು ವರ್ಷ ಯಾಕೆ ಬೇಕಿತ್ತು? ಆ ಮೂರು ವರ್ಷದಲ್ಲಿ ಏನು ಮಾಡಿದರು ಅನ್ನುವುದರಲ್ಲಿ ಉತ್ತರ ಇದೆ.

2003ರ ಮೇ ತಿಂಗಳಲ್ಲಿ ಅಮೆರಿಕದ ಆಡಳಿತಗಾರ ಪಾಲ್ ಬ್ರೆಮರ್ ಎರಡು ಆಜ್ಞೆ ಹೊರಡಿಸಿದರು. ಒಂದರಿಂದ ಸದ್ದಾಂ ಅವರ ಬಾತ್ ಪಕ್ಷದ ಮೇಲಿನ ಹಂತದವರೆಲ್ಲ ಕೆಲಸ ಕಳೆದುಕೊಂಡರು. ಕೆಲಸಕ್ಕಾಗಿ ಪಕ್ಷ ಸೇರಿದ್ದ ಶಾಲಾ ಮೇಷ್ಟ್ರುಗಳೂ ಅದರಲ್ಲಿದ್ದರು. ಇನ್ನೊಂದರಿಂದ ಸೇನೆಯೇ ರದ್ದಾಯಿತು. ಲಕ್ಷಗಟ್ಟಲೆ ಗಂಡಸರು ಬಂದೂಕು ಮನೆಯಲ್ಲಿಟ್ಟುಕೊಂಡು, ಸಂಬಳ ಇಲ್ಲದೆ, ಅವಮಾನ ನುಂಗಿಕೊಂಡು ಕೂತರು. ಜುಲೈನಲ್ಲಿ 25 ಜನರ ಆಡಳಿತ ಮಂಡಳಿ ಬಂತು: 13 ಶಿಯಾ, 5 ಸುನ್ನಿ ಅರಬರು, 5 ಕುರ್ದರು, ಒಬ್ಬರು ತುರ್ಕಮನ್, ಒಬ್ಬರು ಕ್ರೈಸ್ತರು. ಇರಾಕಿಗಳು ಇದನ್ನು ಮುಹಾಸಸಾ ಅನ್ನುತ್ತಾರೆ, ಪಾಲು ಹಂಚಿಕೆ ಅಂತ. ಅಲ್ಲಿಂದ ಮುಂದೆ ಆಸ್ಪತ್ರೆಯ ಕಾವಲುಗಾರನ ಕೆಲಸಕ್ಕೂ ನೀನು ಯಾರವನು ಅನ್ನುವ ಲೆಕ್ಕ ಶುರುವಾಯಿತು.

ಅಮ್ಮಾನ್‌ನಲ್ಲಿ ನನ್ನ ಎದುರು ಕೂತಿದ್ದ ಬಗ್ದಾದಿನ ಗಣಿತದ ಮೇಷ್ಟ್ರೊಬ್ಬರು ಜೇಬಿನಿಂದ ಎರಡು ಗುರುತಿನ ಚೀಟಿ ತೆಗೆದು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು. ಒಂದೇ ಮುಖ. ಒಂದರಲ್ಲಿ ಹೆಸರು ಉಮರ್, ಇನ್ನೊಂದರಲ್ಲಿ ಹೈದರ್. ಮೊದಲನೆಯದು ಸುನ್ನಿ ಹೆಸರು, ಎರಡನೆಯದು ಶಿಯಾ. ನಕಲಿಯದರ ಮೂಲೆ ಚಪ್ಪಲಿಯೊಳಗೆ ಇಟ್ಟು ಇಟ್ಟು ಮಡಚಿಹೋಗಿತ್ತು. ಒಂದು ಬೆಳಿಗ್ಗೆ ಶಾಲೆಗೆ ಹೋಗುವಾಗ ಹೊಸ ಚೆಕ್‌ಪೋಸ್ಟ್ ಕಂಡಿತು. ಪೊಲೀಸ್ ಬಟ್ಟೆ ಹಾಕಿದ್ದರು, ಆದರೆ ನಿಜಕ್ಕೂ ಯಾರು ಅಂತ ಗೊತ್ತಾಗಲಿಲ್ಲ. ಯಾವ ಚೀಟಿ ತೆಗೆಯಲಿ? ಗಾಡಿ ತಿರುಗಿಸಿ ಮನೆಗೆ ಬಂದರು, ಅದೇ ವಾರ ಊರು ಬಿಟ್ಟರು. 'ನನ್ನ ಪಕ್ಕದ ಮನೆಯವನ ಬಗ್ಗೆ ನನಗೆ ಭಯ ಇರಲಿಲ್ಲ. ಆ ರಸ್ತೆ ಯಾರದ್ದು ಅಂತ ಗೊತ್ತಿಲ್ಲದೇ ಹೋಯಿತಲ್ಲ, ಅದು ಭಯ' ಅಂದರು. ನಾನು ಈ ವಿಷಯದ ಬಗ್ಗೆ ಓದಿದ್ದೆಲ್ಲಕ್ಕಿಂತ ಆ ಮಾತು ದೊಡ್ಡದು ಅಂತ ಇಂದಿಗೂ ನಂಬಿದ್ದೇನೆ.

ರಾತ್ರಿ ಬಾಗಿಲು ಬಡಿದರೆ ಯಾರಿಗೆ ಫೋನ್ ಮಾಡುತ್ತೀರಿ? ಪೊಲೀಸರಿಗೆ ಅನ್ನುವ ಉತ್ತರ ಇದ್ದರೆ ಪಂಗಡ ಹಿಂದೆ ಸರಿಯುತ್ತದೆ. ಇಲ್ಲದಿದ್ದರೆ ನಮ್ಮ ಪಂಗಡದ ಬಂದೂಕಿನವನಿಗೇ ಫೋನ್ ಮಾಡಬೇಕು. ಅವನು ಬಂದು ಬೀದಿ ಬಾಯಲ್ಲಿ ನಿಲ್ಲುತ್ತಾನೆ. ಅವನನ್ನು ನೋಡಿ ಆಚೆ ಬೀದಿಯವರೂ ಹೆದರಿ ತಮ್ಮವನನ್ನು ಕರೆಯುತ್ತಾರೆ. ಇಷ್ಟಾದ ಮೇಲೆ ಜಗಳಕ್ಕೆ ದೊಡ್ಡ ಕಾರಣ ಬೇಕಿಲ್ಲ.

ನೆರೆಹೊರೆಯವರ ಒಳ್ಳೆಯತನವೊಂದೇ ಸಾಲದು ಅನ್ನುವುದನ್ನೂ ನೋವಿನಿಂದಲೇ ಹೇಳಬೇಕು. ಬಗ್ದಾದಿನಲ್ಲಿ ಟೈಗ್ರಿಸ್ ನದಿಯ ಒಂದು ದಡದಲ್ಲಿ ಶಿಯಾಗಳ ಕಾಧಿಮಿಯಾ, ಎದುರು ದಡದಲ್ಲಿ ಸುನ್ನಿಗಳ ಆಧಮಿಯಾ. ನಡುವೆ ಇಮಾಮರ ಸೇತುವೆ. 2005ರ ಆಗಸ್ಟ್ 31ರಂದು ಶಿಯಾ ಯಾತ್ರಿಕರ ಗುಂಪಿನಲ್ಲಿ ಬಾಂಬ್ ಇದೆ ಅನ್ನುವ ಗಾಳಿಸುದ್ದಿ ಹಬ್ಬಿ ನೂಕುನುಗ್ಗಲಾಯಿತು. ಸುಮಾರು ಸಾವಿರ ಜನ ಸತ್ತರು. ಆಧಮಿಯಾದ ಸುನ್ನಿ ಹುಡುಗನೊಬ್ಬ ನದಿಗೆ ಹಾರಿ ಒಬ್ಬೊಬ್ಬರನ್ನೇ ದಡಕ್ಕೆ ಎಳೆದು ತಂದ. ಸುಸ್ತಾಗಿ ಕೊನೆಗೆ ತಾನೇ ಮುಳುಗಿದ. ಅದಾಗಿ ಆರು ತಿಂಗಳಿಗೆ ಅದೇ ನಗರದಲ್ಲಿ ಹೆಸರು ಕೇಳಿ ಕೊಲ್ಲುತ್ತಿದ್ದರು. ಜನ ಬದಲಾಗಿರಲಿಲ್ಲ. ರಸ್ತೆ ಬೇರೆಯವರ ಕೈಗೆ ಹೋಗಿತ್ತು.

ಈಗ ಸಿರಿಯಾಕ್ಕೆ ಬರೋಣ. 2024ರ ನವೆಂಬರ್ 27ರಂದು ಇದ್ಲಿಬ್‌ನಿಂದ ಹೊರಟ ಬಂಡಾಯಗಾರರ ಪಡೆ ಡಿಸೆಂಬರ್ 8ಕ್ಕೆ ಡಮಾಸ್ಕಸ್ ಸೇರಿತು. ಹೊಸ ನಾಯಕ ಅಹ್ಮದ್ ಅಲ್ ಶರಾ ಹಿಂದೆ ಅಲ್ ಕೈದಾ ಜೊತೆಗಿದ್ದವರು, 2016ರಲ್ಲಿ ಬಿಟ್ಟವರು. ಅವರೂ ಹಳೆ ಸೇನೆ, ಪೊಲೀಸ್, ಗುಪ್ತಚರ ಎಲ್ಲವನ್ನೂ ವಿಸರ್ಜಿಸಿದರು. ಹಳೆಯ ಸಿಪಾಯಿಗಳು ತಸ್ವಿಯಾ, ಅಂದರೆ ಹೊಸ ಸರ್ಕಾರದ ಜೊತೆ ರಾಜಿ ಮಾಡಿಕೊಳ್ಳುವ ಕೇಂದ್ರಗಳ ಮುಂದೆ ಸಾಲು ನಿಂತು, ಬಂದೂಕು ಒಪ್ಪಿಸಿ, ತಾತ್ಕಾಲಿಕ ಚೀಟಿ ಪಡೆದು ಮನೆಗೆ ಹೋದರು. ಚೀಟಿ ಸಿಕ್ಕಿತು, ಸಂಬಳ ನಿಂತಿತು. ಇರಾಕಿನ ತಪ್ಪಿನ ಅರ್ಧ ಇಲ್ಲೂ ಆಯಿತು ಅಂತಲೇ ನನ್ನ ಅಭಿಪ್ರಾಯ.

2025ರ ಮಾರ್ಚ್ 6ರಂದು ಅಲವಿಗಳ ಕರಾವಳಿಯ ಜಬ್ಲೆ ಊರಿನ ಸುತ್ತಮುತ್ತ ಹಳೆ ಆಡಳಿತದ ಬಂದೂಕುಧಾರಿಗಳು ಹೊಸ ಭದ್ರತಾ ಪಡೆಯವರ ಮೇಲೆ ಬಿದ್ದರು. ಅವರನ್ನು ಅಲ್ಲಿ ಫುಲೂಲ್ ಅನ್ನುತ್ತಾರೆ, ಅಳಿದುಳಿದವರು ಅಂತ. ಅದಕ್ಕೆ ಉತ್ತರವಾಗಿ ನಾನಾ ಕಡೆಯಿಂದ ಬಂದ ಪಡೆಗಳು ಮನೆ ಮನೆ ಹೊಕ್ಕು 'ಸುನ್ನಿಯಾ, ಅಲವಿಯಾ' ಅಂತ ಕೇಳಿ ಕೊಂದವು. ಸರ್ಕಾರದ ತನಿಖಾ ಸಮಿತಿಯೇ ಸತ್ತವರ ಲೆಕ್ಕ 1,426 ಎಂದಿತು. ಜೂನ್‌ನಲ್ಲಿ ಡಮಾಸ್ಕಸ್‌ನ ಮಾರ್ ಎಲಿಯಾಸ್ ಚರ್ಚ್‌ನಲ್ಲಿ ಆತ್ಮಾಹುತಿ ದಾಳಿ, 25 ಸಾವು. ಜುಲೈನಲ್ಲಿ ಸುವೈದಾದಲ್ಲಿ ಡ್ರೂಜರು ಮತ್ತು ಬೆದೂಯಿನ್ ಬುಡಕಟ್ಟಿನವರ ನಡುವೆ ಕಾಳಗ ಎದ್ದಿತು, ಬಿಡಿಸಲು ಹೋದ ಸರ್ಕಾರಿ ಪಡೆಯೂ ಕೊಲೆಗೆ ಇಳಿಯಿತು, ಇಸ್ರೇಲ್ ಡಮಾಸ್ಕಸ್‌ನ ರಕ್ಷಣಾ ಸಚಿವಾಲಯಕ್ಕೇ ಬಾಂಬ್ ಹಾಕಿತು. ನಿಮ್ಮ ಗೆಳೆಯರ ಭಯ ಸುಮ್ನೆ ಹುಟ್ಟಿದ್ದಲ್ಲ.

ಆದರೂ ಇದು ಇರಾಕ್ ಆಗುತ್ತದೆ ಅಂತ ನಾನು ಹೇಳುವುದಿಲ್ಲ. ಇರಾಕಿಗಳು ಸರ್ವಾಧಿಕಾರಿ ಹೋದ ಮೇಲೆ ಅಂತರ್ಯುದ್ಧಕ್ಕೆ ಬಿದ್ದರು. ಸಿರಿಯಾದವರು ಹದಿಮೂರು ವರ್ಷದ ಯುದ್ಧ ಮುಗಿಸಿ ಸರ್ವಾಧಿಕಾರಿಯನ್ನು ಕಳಿಸಿದ್ದಾರೆ. ಅರ್ಧ ಕೋಟಿಗಿಂತ ಜಾಸ್ತಿ ಜನ ದೇಶ ಬಿಟ್ಟು ಹೋಗಿದ್ದರು, ಅವರಲ್ಲಿ ಹತ್ತು ಲಕ್ಷಕ್ಕೂ ಜಾಸ್ತಿ ಜನ ಮರಳಿದ್ದಾರೆ. ದಣಿವು ದೊಡ್ಡ ತಡೆ. ವಿದೇಶಿ ಸೇನೆ ಕೂತು ಪಾಲು ಹಂಚಿಲ್ಲ. ಕರಾವಳಿಯ ಕೊಲೆಗಳ ವಿಚಾರಣೆ 2025ರ ನವೆಂಬರ್‌ನಲ್ಲಿ ಅಲೆಪ್ಪೊದಲ್ಲಿ ಶುರುವಾದಾಗ ಕಟಕಟೆಯಲ್ಲಿ ಹಳೆ ಆಡಳಿತದ ಕಡೆಯವರೂ ಇದ್ದರು, ಸರ್ಕಾರಿ ಪಡೆಯವರೂ ಇದ್ದರು, ಟಿವಿಯಲ್ಲೂ ತೋರಿಸಿದರು. ಸಾಕಾಗುವಷ್ಟಲ್ಲ. ಆದರೂ ಅಸ್ಸಾದ್ ಕಾಲದಲ್ಲಿ ಊಹಿಸಲೂ ಆಗದ ಸಂಗತಿ.

ನನಗೆ ಜಾಸ್ತಿ ಆತಂಕ ಇರುವುದು ಬೇರೆ ಎರಡು ವಿಷಯಕ್ಕೆ. ಒಂದು, ಅಧಿಕಾರ ಮತ್ತೆ ಒಬ್ಬರ, ಅಂದರೆ ಅಧ್ಯಕ್ಷ ಶರಾ ಅವರ ಸುತ್ತ ಗಟ್ಟಿಯಾಗುತ್ತಿದೆ. 2025ರ ಮಾರ್ಚ್‌ನ ಸಂವಿಧಾನ ಘೋಷಣೆ ಐದು ವರ್ಷದ ಮಧ್ಯಂತರ ಅವಧಿ ಕೊಟ್ಟಿತು. ಸಂವಿಧಾನ ನ್ಯಾಯಾಲಯದ ನ್ಯಾಯಾಧೀಶರನ್ನು ಅಧ್ಯಕ್ಷರೇ ನೇಮಿಸುತ್ತಾರೆ. 210 ಸ್ಥಾನದ ಸಂಸತ್ತಿಗೆ ಅಕ್ಟೋಬರ್‌ನಲ್ಲಿ ನಡೆದ ಆಯ್ಕೆಯಲ್ಲಿ ಸಾಮಾನ್ಯ ಜನ ಮತ ಹಾಕಲಿಲ್ಲ, ಆರಿಸಿದ ಮಂಡಳಿಗಳು ಹಾಕಿದವು. ಮೂರನೇ ಒಂದು ಪಾಲು ಅಧ್ಯಕ್ಷರ ನೇಮಕ. ಸುವೈದಾ ಮತ್ತು ಆಗ ಕುರ್ದರ ಹಿಡಿತದಲ್ಲಿದ್ದ ಪ್ರದೇಶದಲ್ಲಿ ಅಂದು ಆಯ್ಕೆಯೇ ಆಗಲಿಲ್ಲ.

ಇನ್ನೊಂದು ನಿಮ್ಮ ಗೆಳೆಯರ ಊರಿಗೇ ಸಂಬಂಧಿಸಿದ್ದು: ಮನೆಗಳು. ಹೋಮ್ಸ್‌ನ ಬಾಬಾ ಅಮ್ರ್, ಖಾಲಿದಿಯಾ ಸುನ್ನಿ ಬಡಾವಣೆಗಳು. 2012ರಿಂದ 2014ರೊಳಗೆ ಅಸ್ಸಾದ್ ಸೇನೆ ಅವನ್ನು ಶೆಲ್ ಹಾಕಿ ಪುಡಿ ಮಾಡಿತು. ಹತ್ತಿರದಲ್ಲೇ ಇರುವ ಅಲವಿಗಳ ಜಹ್ರಾ ಬಡಾವಣೆಯೂ ಬಾಂಬ್ ದಾಳಿಗಳನ್ನು ಕಂಡಿದೆ, ಆದರೆ ಮನೆಗಳು ನಿಂತಿವೆ. ಹನ್ನೆರಡು ವರ್ಷ ಡೇರೆಯಲ್ಲಿದ್ದು ಬಂದವನಿಗೆ ತನ್ನ ಮನೆಯ ಜಾಗದಲ್ಲಿ ಕಲ್ಲುಗುಡ್ಡೆ ಕಾಣುತ್ತದೆ, ಅಲ್ಲಿಂದಲೇ ಆಚೆಯವರ ಬಾಲ್ಕನಿಯಲ್ಲಿ ಒಣಗುವ ಬಟ್ಟೆಯೂ ಕಾಣುತ್ತದೆ. 2013ರಲ್ಲಿ ಹೋಮ್ಸ್‌ನ ಭೂ ದಾಖಲೆ ಕಚೇರಿಗೆ ಬೆಂಕಿ ಬಿತ್ತು. ಯಾರ ಮನೆ ಯಾರದು ಅಂತ ಸಾಬೀತು ಮಾಡುವ ಕಾಗದ ಎಷ್ಟೋ ಜನರ ಹತ್ತಿರ ಇಲ್ಲ. ಹೊರಗಿನವರಿಗೆ ಪಂಗಡದ ಕೊಲೆಯಾಗಿ ಕಾಣುವ ಎಷ್ಟೋ ಪ್ರಕರಣದ ಬುಡ ಕೆದಕಿದರೆ ಒಂದು ಮನೆ, ಒಂದು ಅಂಗಡಿ, ಇಲ್ಲವೇ ಜೈಲಲ್ಲಿ ಸತ್ತ ಅಣ್ಣನ ಲೆಕ್ಕ ಸಿಗುತ್ತದೆ. ದೇಶ ಮತ್ತೆ ಕಟ್ಟಲು 21,600 ಕೋಟಿ ಡಾಲರ್ ಬೇಕು ಅಂತ ವಿಶ್ವಬ್ಯಾಂಕ್ ಅಂದಾಜು ಮಾಡಿದೆ. ಅಷ್ಟು ದುಡ್ಡು ಕಣ್ಣಳತೆಯಲ್ಲಿ ಎಲ್ಲೂ ಇಲ್ಲ.

ಬೇಗ ಚುನಾವಣೆ ಮಾಡಿದರೆ? ಇರಾಕಿನಲ್ಲಿ 2005ರ ಜನವರಿಯಲ್ಲೇ ಮಾಡಿದರು. ಸುನ್ನಿಗಳು ಹೆಚ್ಚಿನವರು ಮತ ಹಾಕಲಿಲ್ಲ, ಅವರಿಲ್ಲದ ಸಭೆ ಸಂವಿಧಾನ ಬರೆಯಲು ಕೂತಿತು. ಲಿಬಿಯಾದಲ್ಲಿ ಗದ್ದಾಫಿ ಸತ್ತು ಒಂಬತ್ತೇ ತಿಂಗಳಿಗೆ, 2012ರಲ್ಲಿ ಚೆನ್ನಾಗೇ ಚುನಾವಣೆ ಆಯಿತು. ಬಂದೂಕು ಮಾತ್ರ ಗುಂಪುಗಳ ಕೈಯಲ್ಲೇ ಉಳಿಯಿತು, 2014ಕ್ಕೆ ಎರಡು ಸರ್ಕಾರ. ಹಾಗಂತ ತಡಮಾಡಿದರೆ ಮಧ್ಯಂತರದವರೇ ಕಾಯಂ ಆಗುತ್ತಾರೆ. ಲೆಬನಾನಿನ ಹಾಗೆ ಸೀಟುಗಳನ್ನು ಪಂಗಡಕ್ಕಿಷ್ಟು ಅಂತ ಕಟ್ಟಿಬಿಟ್ಟರೆ ಅಲವಿಗಳಿಗೆ ಇವತ್ತು ಸಮಾಧಾನ ಸಿಗುತ್ತದೆ, ಆದರೆ ಅವರ ಮೊಮ್ಮಕ್ಕಳೂ ಅಲವಿ ಅಂತಲೇ ಮತ ಕೇಳಬೇಕಾಗುತ್ತದೆ. ಸರ್ವಾಧಿಕಾರಿ ಫ್ರಾಂಕೊ ಸತ್ತ ಮೇಲೆ 1977ರಲ್ಲಿ ಸ್ಪೇನ್ ಮಾಡಿದ ಹಾಗೆ ಕ್ಷಮಾದಾನ ಮಾಡಿ ಎಲ್ಲ ಮರೆಯೋಣ ಅನ್ನುವವರೂ ಇದ್ದಾರೆ. ಒಂದು ಲಕ್ಷಕ್ಕೂ ಜಾಸ್ತಿ ಜನ ಕಾಣೆಯಾಗಿರುವ ದೇಶದಲ್ಲಿ ತಾಯಂದಿರಿಗೆ ಆ ಮಾತು ಹೇಳುವುದು ನನ್ನಿಂದಂತೂ ಆಗದು.

ನನಗೆ ಭರವಸೆ ಕೊಡುವ ಉದಾಹರಣೆ ಇಂಡೋನೇಷ್ಯಾ. 1998ರ ಮೇ ತಿಂಗಳಲ್ಲಿ ಅಲ್ಲಿನ ಸರ್ವಾಧಿಕಾರಿ ಸುಹಾರ್ತೊ ಇಳಿದರು. 1999ರ ಜನವರಿ 19ರಂದು, ಈದ್ ದಿನ, ಅಂಬೋನ್ ಊರಿನಲ್ಲಿ ಮಿನಿಬಸ್ಸಿನ ಕ್ರೈಸ್ತ ಚಾಲಕನಿಗೂ ಒಬ್ಬ ಮುಸ್ಲಿಂ ಯುವಕನಿಗೂ ಜಗಳ ಹತ್ತಿತು. ಅದು ಇಡೀ ಮಲುಕು ದ್ವೀಪಗಳಿಗೆ ಹಬ್ಬಿ ಸಾವಿರಾರು ಜನ ಸತ್ತರು. ದೇಶ ಚೂರಾಗುತ್ತದೆ ಅಂತ ಎಲ್ಲರೂ ಬರೆದರು. 2002ರ ಫೆಬ್ರವರಿಯಲ್ಲಿ ಮಲಿನೊದಲ್ಲಿ ಎರಡೂ ಕಡೆಯವರು ಒಪ್ಪಂದಕ್ಕೆ ಬಂದರು. ಅಷ್ಟರಲ್ಲಿ ಅಧಿಕಾರ, ದುಡ್ಡು ಎರಡನ್ನೂ ಜಿಲ್ಲೆಗಳಿಗೆ ಇಳಿಸುವ ಕಾನೂನು ಬಂದಿತ್ತು. 2004ರಲ್ಲಿ ಜನ ನೇರವಾಗಿ ಅಧ್ಯಕ್ಷರನ್ನು ಆರಿಸಿದರು. ರಾಜಧಾನಿಯಲ್ಲಿ ಯಾರು ಗೆದ್ದರೂ ನಮ್ಮೂರಿನ ಶಾಲೆ, ರಸ್ತೆ, ಠಾಣೆ ಕೈತಪ್ಪುವುದಿಲ್ಲ ಅನ್ನುವ ಧೈರ್ಯ ಬಂದರೆ ಸೋತವರೂ ಬಂದೂಕು ಇಳಿಸುತ್ತಾರೆ. ಸಿರಿಯಾದಲ್ಲೂ ನಾನಾದರೆ ಊರ ಮಟ್ಟದ ಚುನಾವಣೆಯಿಂದ, ಎಲ್ಲ ಪಂಗಡದವರೂ ಇರುವ ಠಾಣೆಗಳಿಂದ ಶುರು ಮಾಡುತ್ತಿದ್ದೆ. ಅದರಲ್ಲೂ ಅಪಾಯ ಇದೆ. ಊರಿನ ಬಂದೂಕಿನವನೇ ಊರಿನ ಮುಖಂಡನಾಗಬಹುದು.

ಈಗ ನಿಮ್ಮ ಗೆಳೆಯರ ವಿಷಯ. ಮಕ್ಕಳನ್ನು ಕರಕೊಂಡು, ಕೆಲಸ ಬಿಟ್ಟು, ಒಂದೇ ಸಲಕ್ಕೆ ಹೋಗುವುದು ಬೇಡ ಅಂತ ನಾನು ಖಡಾಖಂಡಿತವಾಗಿ ಹೇಳುತ್ತೇನೆ. ಆರು ತಿಂಗಳು ಹೊರಗಿದ್ದರೆ ಯುಎಇ ವೀಸಾ ಸಾಮಾನ್ಯವಾಗಿ ರದ್ದಾಗುತ್ತದೆ, ಅದು ನಿಮಗೂ ಗೊತ್ತು. ಮೊದಲು ಒಬ್ಬರೇ ಹೋಗಿ ನೋಡಿ ಬರಲಿ. ಟರ್ಕಿ ಕೂಡ 2025ರ ಮೊದಲ ಆರು ತಿಂಗಳು ನಿರಾಶ್ರಿತ ಕುಟುಂಬದ ಒಬ್ಬರಿಗೆ ಮೂರು ಸಲ ಹೀಗೆ ಹೋಗಿ ಬರಲು ಬಿಟ್ಟಿತ್ತು. ಇದರಲ್ಲೂ ಅಪಾಯ ಇಲ್ಲ ಅಂತಲ್ಲ. ಅಸ್ಸಾದ್ ಸೇನೆಯಲ್ಲಿ ಕಡ್ಡಾಯ ಸೇವೆ ಮಾಡಿದ್ದರೆ, ಮನೆಯಲ್ಲಿ ಯಾರಾದರೂ ಅಧಿಕಾರಿಯಾಗಿದ್ದರೆ, ಹೆಸರು ಯಾವುದಾದರೂ ಪಟ್ಟಿಯಲ್ಲಿದೆಯೇ ಅಂತ ತಿಳಿಯದೆ ವಿಮಾನ ಹತ್ತಬಾರದು. ತಾಯಿಯ ಆರೋಗ್ಯಕ್ಕೆ ತುರ್ತು ಇಲ್ಲದಿದ್ದರೆ ಕಾಯುವುದೂ ಒಂದು ದಾರಿ. ಕಾಯುವಾಗ ಮನೆ ಕಾಗದದ ನಕಲು, ಹಳೆ ಕರೆಂಟ್ ಬಿಲ್ಲು, ತಂದೆಯ ಹೆಸರಿನ ರಸೀದಿ ಏನಿದ್ದರೂ ಫೋಟೊ ತೆಗೆಸಿ ಇಟ್ಟುಕೊಳ್ಳಲಿ. ಹೋಮ್ಸ್‌ನಲ್ಲಿ ಅದು ಚಿನ್ನಕ್ಕಿಂತ ಮೇಲು.

ತಾಯಿಗೆ ಫೋನ್ ಮಾಡಿದಾಗ 'ಹೇಗಿದೆ ಪರಿಸ್ಥಿತಿ' ಅಂತ ಕೇಳಬೇಡಿ ಅನ್ನಿ. ದೇವರ ದಯೆ ಚೆನ್ನಾಗಿದೆ ಅನ್ನುತ್ತಾರೆ, ತಾಯಂದಿರೆಲ್ಲ ಹಾಗೇ. ಸಂಜೆ ಎಷ್ಟು ಗಂಟೆಗೆ ಅಂಗಡಿ ಮುಚ್ಚುತ್ತಾರೆ? ಬೀದಿ ಬಾಯಲ್ಲಿ ನಿಂತಿರುವ ಹುಡುಗರು ತಿಂಗಳ ಹಿಂದೆ ಇದ್ದವರೇನಾ, ಹೊಸಬರಾ? ಪಿಂಚಣಿ ಬಂತಾ? ಎದುರು ಮನೆಯ ಹುಡುಗಿ ಯೂನಿವರ್ಸಿಟಿಗೆ ಬಸ್ಸಲ್ಲಿ ಹೋಗುತ್ತಾಳಾ? ಇಂಥವನ್ನು ಕೇಳಲಿ. ಎರಡು ಮೂರು ತಿಂಗಳು ಒಂದೇ ಬಗೆಯ ಉತ್ತರ ಬಂದರೆ ಟಿಕೆಟ್ ವಿಚಾರ ಮಾಡಬಹುದು.

ಕೊನೆಗೊಂದು. ಇದ್ಲಿಬ್‌ನವರ ಹತ್ತಿರ ನೀವೇ ಮಾತಾಡಿ. ಹೋಮ್ಸ್‌ನಿಂದ ಹೊರಹಾಕಿದ ಸುನ್ನಿಗಳು ಎಷ್ಟೋ ಜನ ವರ್ಷಗಟ್ಟಲೆ ಇದ್ಲಿಬ್‌ನಲ್ಲೇ ಇದ್ದು ಈಗ ಊರಿಗೆ ಮರಳಿದ್ದಾರೆ. ನಿಮ್ಮ ಇದ್ಲಿಬ್ ಗೆಳೆಯರಿಗೆ ಹೋಮ್ಸ್‌ನಲ್ಲಿ ಪರಿಚಯದವರು ಇದ್ದೇ ಇರುತ್ತಾರೆ. ಮಾರ್ಚ್‌ನಲ್ಲಿ ಬನಿಯಾಸ್ ಊರಿನಲ್ಲಿ ಬದುಕುಳಿದ ಎಷ್ಟೋ ಅಲವಿಗಳನ್ನು ಬಚ್ಚಿಟ್ಟು ಕಾಪಾಡಿದವರು ಸುನ್ನಿ ನೆರೆಯವರೇ. ಆ ಮೊದಲ ಭೇಟಿಯಲ್ಲಿ ಬಸ್ ನಿಲ್ದಾಣದಿಂದ ತಾಯಿಯ ಮನೆವರೆಗೆ ಜೊತೆಗೆ ನಡೆಯಲು ಯಾರಾದರೂ ಸಿಗುತ್ತಾರಾ ಅಂತ ಕೇಳಿ. ಊಟದ ಹೊತ್ತಿಗೇ ಕೇಳಿ.